ತುಕ್ಕು ಕೆತ್ತುವ ಸದ್ದು

ಏಳನೆಯ ತರಗತಿಯ ಭೂಪಟದಲ್ಲಿ ಬೂಸಾನ್
ನೊಣ ಕೂತೆದ್ದಷ್ಟು ಕಪ್ಪು.
ಪಾಠದಲ್ಲಿ ಅದರ ಪಾಲಿಗೆ ಒಂದೂವರೆ ಸಾಲು:
ದೊಡ್ಡ ಬಂದರು, ಮೀನುಗಾರಿಕೆಗೆ ಹೆಸರುವಾಸಿ.
ಕೊಯಿಪ್ಪಾಡಿ ಕಡಪ್ಪುರದ ನನ್ನ ಒಂಬತ್ತು ಮಕ್ಕಳು
ಮೀನುಗಾರಿಕೆ ಎಂದದ್ದೇ ಆಕಳಿಸಿದವು.

ಹಾಗಾಗಿ ಲೋಕಯ್ಯಣ್ಣನನ್ನು ಕರೆಸಿದೆ.
ಮೂವತ್ತೊಂದು ವರ್ಷ ಹಡಗು,
ಕೊನೆಗೆ ತಂಡೇಲನಾಗಿ ಇಳಿದವರು;
ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು
ಅಲ್ಲೇ ಬಿಟ್ಟು ಬಂದವರು.
ಬಾಗಿಲಲ್ಲಿ ಚಪ್ಪಲಿ ಕಳಚಿ
ಬಿರುಗಾಳಿಯೊಳಗೆ ನಿಂತವರ ಹಾಗೆ ಕೂಗಿದರು:
"ಪುಸ್ತಕ ಮುಚ್ಚಿ!

ಬೂಸಾನ್ ಅಂದ್ರೆ ಹಂಡೆಗುಡ್ಡ ಮಕ್ಕಳೇ.
ಕವುಚಿಟ್ಟ ಹಂಡೆಯಂಥ ಗುಡ್ಡ,
ಬುಡದಲ್ಲಿ ನಮ್ಮ ಹಾಗೆಯೇ ಗುಡಿಸಲು, ಬಲೆ, ಒಣಮೀನಿನ ನಾತ.
ಜಪಾನಿನ ವ್ಯಾಪಾರಿಗಳಿಗೆ ಅಲ್ಲೊಂದು ಬೇಲಿ ಹಾಕಿದ್ದರು,
ಬೇಲಿಗೊಂದು ಬಾಗಿಲು, ಬಾಗಿಲಿಗೆ ಕಾವಲು:
ವ್ಯಾಪಾರ ಮಾಡಿ, ಆಚೆ ಕಾಲಿಡಬೇಡಿ.
ಇನ್ನೂರು ವರ್ಷ ನಡೆಯಿತು.
ಮತ್ತೆ ತೋಪಿನ ಹಡಗು ಬಂತು, ಕಾಗದ ಬಂತು, ರುಜು ಆಯಿತು.
ಆಮೇಲೆ ನೋಡಿದರೆ
ಬೇಲಿ ಮನೆಯವರ ಸುತ್ತಲೇ ಉಂಟು."

ಸೌದಾ ಕೇಳಿದಳು, ನಿಮಗೆ ಯಾರು ಹೇಳಿದ್ದು?
ಎರಡು ಸಲ ಕೇಳಬೇಕಾಯಿತು.

"ಎಂಬತ್ತನಾಲ್ಕು. ನಮ್ಮ ಹಡಗು ರಿಪೇರಿಗೆ ನಿಂತಿತ್ತು,
ಬೂಸಾನಿನದ್ದೇ ಒಂದು ದ್ವೀಪ, ಯೊಂಗ್ದೊ.
ಹಲಗೆಗೆ ಹಗ್ಗ ಬಿಗಿದು, ತಲೆಗೆ ಬಟ್ಟೆ ಸುತ್ತಿ
ಹೆಂಗಸರು ಹಡಗಿನ ಹೊಟ್ಟೆಗೆ ಜೋತುಬಿದ್ದು
ಸುತ್ತಿಗೆಯಲ್ಲಿ ತುಕ್ಕು ಕೆತ್ತುತ್ತಿದ್ದರು.
ಕ್ಯಾಂಗ್, ಕ್ಯಾಂಗ್, ಕ್ಯಾಂಗ್.
ಒಳಗೆ ನನಗೂ ಅದೇ ಕೆಲಸ.
ನಡುವೆ ಒಂದಂಗುಲ ಕಬ್ಬಿಣ.

ಅವರಲ್ಲಿ ಒಬ್ಬಳು ಒಕ್‌ಬುನ್, ನನ್ನಕ್ಕನ ಪ್ರಾಯ.
ಅವಳಿಗೂ ಕೇಳುತ್ತಿರಲಿಲ್ಲ, ನನಗೂ ಇಲ್ಲ,
ಭಾಷೆ ಎಲ್ಲಿ ಅಡ್ಡ ಬರುವುದು?
ಕೈ, ಸೀಮೆಸುಣ್ಣ, ಹಡಗಿನ ಗೋಡೆ.

ಯುದ್ಧದಲ್ಲಿ ಬಡಗಣದಿಂದ ಓಡಿಬಂದವಳು, ಹತ್ತು ವರ್ಷದ ಹುಡುಗಿ.
ತಪ್ಪಿಹೋದರೆ ಎತ್ತುವ ಸೇತುವೆಯ ಕೆಳಗೆ ಸಿಗುವ,
ಅಂದಿದ್ದನಂತೆ ಅಪ್ಪ.
ಎಲ್ಲರ ಅಪ್ಪಂದಿರೂ ಅದನ್ನೇ ಹೇಳಿದ್ದರು;
ದೇಶಕ್ಕೆಲ್ಲ ಗೊತ್ತಿದ್ದದ್ದು ಅದೊಂದೇ ಸೇತುವೆ.
ಬಂದವರು, ಬಂದವರು, ಬಂದವರು.
ಕಣಿ ಹೇಳುವವರು ಅಲ್ಲೇ ಚಾಪೆ ಹಾಸಿದರು.
ಗುಡ್ಡದ ಮೇಲೆ ಹಲಗೆ, ರಟ್ಟು, ಡಬ್ಬಿ ತಗಡಿನ ಮನೆ ಎದ್ದವು.
ಆಮೇಲಿನದ್ದು, ಕ್ರೇನು, ಕಂಟೇನರು, ಹಗಲಿನಂಥ ರಾತ್ರಿ,
ಎಲ್ಲ ಅದರ ಮೇಲೆಯೇ ನಿಂತದ್ದು."

ನಾನು ಬಾಯಿ ಹಾಕಿದೆ:
ನಮಗೂ ಒಂದು ಗೆರೆ ಎಳೆದರಲ್ಲ, ಐವತ್ತಾರರಲ್ಲಿ,
ಗಡಿ ಆಚೆ, ಕನ್ನಡ ಈಚೆ...
"ಟೀಚರೇ, ತಲಪಾಡಿಗೆ ಬಸ್ಸುಂಟು.
ಟಿಕೇಟು ತೆಗೆದರೆ ತಂಗಿಯ ಮನೆ.
ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ."
ಸುಮ್ಮನಾದೆ.
ಹಾಜರಿ ಪುಸ್ತಕದಲ್ಲಿ ಮಾತ್ರ
ಒಂಬತ್ತರ ಕೆಳಗೆ ಖಾಲಿ ಗೆರೆಗಳು ಇದ್ದ ಹಾಗೇ ಇದ್ದವು.

ಅಪ್ಪ ಬಂದರಾ? ಸೌದಾ ಮತ್ತೆ.
ಇದು ಕೇಳಿಸಿತೋ ಇಲ್ಲವೋ.
ಜೇಬಿನಿಂದ ಎರಡು ಉಕ್ಕಿನ ಕಡ್ಡಿ ತೆಗೆದರು,
"ಅವಳು ಕೊಟ್ಟದ್ದು. ಊಟಕ್ಕೆ.
ನನ್ನ ಹೆಂಡತಿ ಇದರಲ್ಲಿ ಬಂಗುಡೆ ಮಗುಚುತ್ತಾಳೆ."
ತುದಿಗೆ ಮಸಾಲೆಯ ಕೆಂಪು ಹತ್ತಿತ್ತು.

ಗಂಟೆ ಹೊಡೆಯಿತು. ಅವರಿಗೆ ತಿಳಿಯಲಿಲ್ಲ.
ಕುಂಬಳೆಯಿಂದಲೂ ಒಂದು ಕಾಲಕ್ಕೆ ಅಕ್ಕಿ ಹಡಗೇರುತ್ತಿತ್ತು,
ಈಗ ಅಳಿವೆಯಲ್ಲಿ ಮೊಣಕಾಲು ನೀರು, ಎನ್ನುತ್ತಾ ಇದ್ದರು.
ಹಿಂದಿನ ಬೆಂಚಿನಲ್ಲಿ ಆಗಲೇ ಜಗಳ:
ನಾವು ತಪ್ಪಿಹೋದರೆ ಯಾವ ಸೇತುವೆ?
ಶಿರಿಯದ್ದು, ಅಂದ ಪ್ರಜ್ವಿತ್.
ಮಳೆಗಾಲದಲ್ಲಿ ಅದರಡಿ ನಿಲ್ಲಲಿಕ್ಕಾಗ್ತದಾ ಮಂಡೆಸಮ ಇಲ್ಲದವನೇ,
ಅಂದಳು ಸೌದಾ. ರೈಲಿನದ್ದು.