ಉಲ್ಲೇಖ ಬೇಕಾಗಿದೆ

ಸಿನಿಮಾಕ್ಕೆ ಪುಟ ಇದೆ, ನಾಲ್ಕು ಸಾಲು.
ಮಂಡ್ಯದಲ್ಲಿ ಆರೇ ದಿನ ಓಡಿದ್ದು.
ಅದರ ಮೂರನೆಯ ಹಾಡಿಗೆ
ವಿಶ್ವಕೋಶದಲ್ಲಿ ಬೇರೆ ಪುಟ ಬೇಕೋ ಬೇಡವೋ
ಇವತ್ತು ರಾತ್ರಿ ನಾನು ಹೇಳಬೇಕು.

ಹಾಡಿನ ಬಗ್ಗೆ ಯಾರಾದರೂ ಬರೆದಿರಬೇಕು,
ಹಾಡಿಗೆ ಏನೂ ಆಗಬೇಕಿಲ್ಲದವರು.
ಹುಡುಕಿದೆ. ಹಳೆಯ ವಾರಪತ್ರಿಕೆಯಲ್ಲಿ ಎರಡೇ ಪದ:
‘ಹಾಡುಗಳು ಪರವಾಗಿಲ್ಲ.’

ಗುತ್ತಲಿನ ಬ್ಯಾಂಡ್‌ಸೆಟ್ಟಿನ ದಸ್ತಗೀರ್ ಸಾಬರು
ಹೆಣ್ಣು ಒಪ್ಪಿಸುವ ಹೊತ್ತಿಗೆ ಇದನ್ನೇ ಊದುತ್ತಿದ್ದರು,
ಚರಣಕ್ಕೆ ಮುಂಚೆ ಒಮ್ಮೆ ತುಟಿ ಒರೆಸಿಕೊಂಡು.
ಮಳವಳ್ಳಿ ಬಸ್ಸಿನ ಡ್ರೈವರು
ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತಿ
ಮತ್ತೆ ಅದನ್ನೇ ಹಾಕುತ್ತಿದ್ದ.
ಇವರು ಯಾರೂ ಬರೆಯಲಿಲ್ಲ.

ನಿಂಗಾಜಮ್ಮನ ಮುಂದೆ ಫೋನು ಹಿಡಿದು ಕೂತೆ ಮೊನ್ನೆ.
‘ಸಿನ್ಮಾದ್ದಾ? ಅಲ್ಲ ಕನವ್ವ,
ಪೈರು ನೆಡುವಾಗ ನಮ್ಮತ್ತೆ ಏಳ್ತಿದ್ದ ಪದ’
ಅಂದವಳೇ ಎರಡು ಸಾಲು ಹೇಳಿದಳು.
ಮಾತು ಬೇರೆ, ಮಟ್ಟು ಅದೇ.
ಆಮೇಲೆ ಕೆಮ್ಮು. ಆಮೇಲೆ ಹಾಲುಕ್ಕಿತೆಂದು ಎದ್ದಳು.

ಇದು ಆಧಾರವಲ್ಲ, ಗೊತ್ತು.
ಇದಕ್ಕೆ ಸ್ವಂತ ಸಂಶೋಧನೆ ಎನ್ನುತ್ತಾರೆ,
ನಾನೇ ಎಷ್ಟು ಜನರ ಪುಟ
ಈ ಮಾತು ಹೇಳಿ ಅಳಿಸಿಲ್ಲ!

‘ಸಿನಿಮಾದ ಪುಟಕ್ಕೆ ವಿಲೀನಗೊಳಿಸಿ’ ಎಂದು ಬರೆದೆ.
ಸಹಿ ಹಾಕಿದೆ. ಸರಿಯಾದ ತೀರ್ಪೇ.

ರೆಕಾರ್ಡಿಂಗು ಒಂದು ನಿಮಿಷ ಹನ್ನೊಂದು ಸೆಕೆಂಡು,
ಹಾಡು ಅದರಲ್ಲಿ ಹದಿನಾಲ್ಕು,
ಉಳಿದದ್ದು ಕೆಮ್ಮು, ಹಾಲು, ಪಾತ್ರೆ.
ಯಾವ ಹೆಸರಲ್ಲಿ ಉಳಿಸಲಿ ಎಂದು ಫೋನು ಕೇಳಿತು.
‘ನಿಂಗಾಜಮ್ಮನ ಅತ್ತೆ’ ಎಂದು ಕೊಟ್ಟೆ.

ಆಕೆಯ ಹೆಸರು ಕೇಳಿಕೊಂಡೇ ಬಂದಿರಲಿಲ್ಲ.