ಚತುರ್ಥಿ

ಬೆಳಿಗ್ಗೆ ಆರೂ ಮುಕ್ಕಾಲಿಗೆ ಶಿವಮೊಗ್ಗದ ಸ್ಟ್ಯಾಂಡಿನಲ್ಲಿ
ನನ್ನ ಗಂಟಲು ತೆರೆಯುತ್ತದೆ:
ಆಯನೂರಿಗೆ, ರಿಪ್ಪನ್‌ಪೇಟೆಗೆ, ಹೊಸನಗರಕ್ಕೇ...
ಹದಿನೆಂಟು ವರ್ಷ ಕೂಗಿ ಕೂಗಿ
ಊರುಗಳ ಹೆಸರು ಸವೆದು ಹೋಗಿವೆ,
ಬಾಲದ 'ಗೆ' ಒಂದೇ ಡೀಸೆಲ್ ಹೊಗೆಯಲ್ಲಿ ಎಳೆದಾಡುತ್ತದೆ.

ಗುರುವಾರವಾದರೆ ಮೂರನೇ ಸೀಟಿನ ಕಿಟಕಿಗೆ
ಫಾದರ್ ಗಿಲ್ಬರ್ಟ್.
ಊದಿದ ಮಂಡಿ, ಜೇಬಿನಲ್ಲಿ ಶುಂಠಿ ಪೆಪ್ಪರಮೆಂಟು.
ಚಿಲ್ಲರೆ ಎಣಿಸಿಕೊಡುತ್ತಾ ಒಮ್ಮೆ ಕೇಳಿದರು,
ಬಸ್ಸು ಅಂದ್ರೆ ಏನಪ್ಪಾ?
ಇದೇ, ಎಂದು ತಗಡು ಬಡಿದೆ.

ಅಲ್ಲ, ಅದು ಬರೀ ಪ್ರತ್ಯಯ.
ಲ್ಯಾಟಿನ್ನಿನಲ್ಲಿ ಓಮ್ನಿಬುಸ್, ಅಂದರೆ ಎಲ್ಲರಿಗೆ.
ಫ್ರಾನ್ಸಿನವರು ಕುದುರೆಗಾಡಿಗೆ ಆ ಹೆಸರಿಟ್ಟರು.
ಇಂಗ್ಲಿಷಿನವರಿಗೆ ಅವಸರ ನೋಡು,
ತಲೆ ಕಡಿದು ಬಾಲ ಇಟ್ಟುಕೊಂಡರು.
'ಎಲ್ಲರು' ದಾರಿಯಲ್ಲೆಲ್ಲೋ ಬಿದ್ದುಹೋದರು,
'ಇಗೆ' ಮಾತ್ರ ಓಡುತ್ತಾ ಇದೆ.
ಇಷ್ಟು ವರ್ಷ ನೀನು ಜನರನ್ನು ಹತ್ತಿಸಿದ್ದು, ಮಾರಾಯ,
ಒಂದು ಚತುರ್ಥೀ ವಿಭಕ್ತಿಯೊಳಕ್ಕೆ!

ಉ, ಅನ್ನು, ಇಂದ, ಗೆ...
ಏಳನೇ ಕ್ಲಾಸಿನಲ್ಲಿ ಬೆತ್ತದೇಟಿಗೆ ಹತ್ತಿದ ಪಾಠ
ಟಿಕೆಟ್ಟು ಹರಿಯುವಾಗ ನಾಲಿಗೆಗೆ ಬಂತು.
ನಗು ಬಂತು.
ಡ್ರೈವರ್ ಹುಚ್ರಾಯಪ್ಪನಿಗೆ ಹೇಳಿದರೆ
ಗೇರಿಗೆ ಎಣ್ಣೆ ಬೇಕು, ಅದು ಹೇಳು ಓನರಿಗೆ, ಎಂದ.

ಸೂಡೂರು ಗೇಟಿನ ಹತ್ತಿರ
ಕೈ ಅಡ್ಡ ಹಿಡಿದು ನಿಂತಿದ್ದಳು ಜುಲೇಕಾಬಿ,
ತಲೆಯ ಮೇಲೆ ಒಣಮೀನಿನ ಬುಟ್ಟಿ.
ಅವಳನ್ನು ಕಂಡರೆ ಜೋಡಿ ಸೀಟಿ, ರೈಟ್ ರೈಟ್!
ಇದು ನಮ್ಮ ಬಸ್ಸಿನ ರೂಢಿ.
ಯಾರು ಮಾಡಿದ್ದೋ. ನಾನೇ ಇರಬೇಕು.
ಅವಳೂ ಕೈ ಹಿಡಿಯುವುದು ರೂಢಿಗೇ,
ಎತ್ತುವಾಗಲೇ ಇಳಿಸುವ ಕೈ ಅದು.

ಸೀಟಿ ತುಟಿಗೆ ಬಂತು.
ಫಾದರ್ ಏನೂ ಹೇಳಲಿಲ್ಲ,
ಕಿಟಕಿಯಾಚೆ ನೋಡುತ್ತಾ ಪೆಪ್ಪರಮೆಂಟನ್ನು
ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸಿದರು.
ಒಂದೇ ಸಲ ಊದಿದೆ.

ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತಿತು.
ಅವಳು ಓಡಿ ಬರಲಿಲ್ಲ.
ಬುಟ್ಟಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ನೋಡಿದಳು,
ಖಾಲಿ ರಸ್ತೆ, ಒಂದು ಮೈಲಿಗಲ್ಲು.
ಯಾರಿಗೆ ನಿಲ್ಲಿಸಿದ್ದು? ಎಂದಳು.

ನಿಂಗೇ, ಬಾ.

ನಾಲ್ಕು ಸೆರಗು ಮೂಗಿಗೆ ಹೋದವು.
ಒಬ್ಬರು ಸೀಟು ಬದಲಿಸಿದರು, ಇನ್ನೊಬ್ಬರು ಇಳಿದೇ ಹೋದರು.
ರಿಪ್ಪನ್‌ಪೇಟೆ ಬರುವತನಕ
ಮೀನೂ ಶುಂಠಿಯೂ ಸೇರಿದ ಒಂದು ವಾಸನೆ
ಟಾಪಿನ ಕೆಳಗೆ ನಿಂತೇ ಪ್ರಯಾಣ ಮಾಡಿತು.

ಬುಟ್ಟಿಗೆ ಹತ್ತು ರೂಪಾಯಿ ಲಗೇಜು ತಗೊಂಡೆ,
ಸುಳ್ಳು ಯಾಕೆ.
ಅದಕ್ಕೆ ಯಾವ ವಿಭಕ್ತಿಯೋ,
ಫಾದರನ್ನು ಕೇಳಲಿಲ್ಲ.