ಆರು ನಿಮಿಷ

ನಿವೃತ್ತಿಗೆ ಇನ್ನ ಹದಿನೇಳು ದಿನ.
ಟೇಬಲ್ಲಿನ ಮ್ಯಾಲೆ ರಜಿಸ್ಟರಿನ ಒಟ್ಟಲು,
ರಟ್ಟಿಗೆ ಹುಳ, ಹಾಳಿಗೆ ಅರಿಷಿಣ ಬಣ್ಣ.
"ಇದಕ್ಕೂ ಕಾಮಣಿ ಆಗೇತಿ ನೋಡ್ರಿ" ಅಂತ ನಗತಾಳ
ಸಿಸ್ಟರ್ ಸುಲೋಚನಾ ಮೇರವಾಡೆ.
ಜಿಲ್ಲಾ ಕಚೇರಿಯಿಂದ ಬಂದ ಹುಡುಗ ಕಾಲ ಅಲಗಾಡಿಸಿಕೋತ ಕುಂತಾನ:
"ನಲವತ್ತು ವರ್ಷದ್ದು ಒಂದು ಗೆರಿ ಎಳದು ಕೊಡ್ರಿ ಮೇಡಮ್."

ಒಂದಲ್ಲಪಾ, ಎರಡು.

ನೀರಿನ ಗೆರಿ ಸಸಾರ.
ಹದಿನೆಂಟು ದಿನಕ್ಕೊಮ್ಮೆ ನಳ ಬರತಿದ್ದ ಬೆಟಗೇರಿ ನಮ್ಮದು.
ನಡುವಿನ ದಿನ ಬರಿದಾದ ಪೈಪು ಮಣ್ಣಾಗ ಮಲಗಿ
ಬಾಜೂಕಿನ ಗಟಾರ ಚೀಪತಿತ್ತು, ತಾಯಿಲ್ಲದ ಕೂಸಿನಂಗ.
ಮೂರು ನಾಕು ವರ್ಷಕ್ಕೊಮ್ಮೆ ಏಳತೈತಿ ಗೆರಿ,
ಒಂದು ಓಣಿ ತುಂಬ ಹಳದಿ ಕಣ್ಣು,
ಮತ್ತ ಇಳೀತೈತಿ.
ಆಗ ಬರತಿದ್ದವರು ಆರೇಳು ವರ್ಷದ ಹುಡುಗರು,
ಸಪ್ಪನ ಅನ್ನ, ಕಬ್ಬಿನ ಹಾಲು, ಹದಿನೈದು ದಿನಕ್ಕ ಗೋಲಿಗುಂಡ ಆಡಾಕ ತಯಾರ.
ಈಗಿನವು ಫಿಲ್ಟರ್ ನೀರಿನ್ಯಾಗ ಬೆಳದ ಮಕ್ಕಳು,
ಇಪ್ಪತ್ತೆರಡಕ್ಕ ಹುಬ್ಬಳ್ಳಿ ಹಾಸ್ಟೆಲ್ಲಿನ ಮುಂದ ಒಂದ ಪ್ಲೇಟು ಪಾನಿಪುರಿ,
ಎರಡು ತಿಂಗಳ ಹಾಸಿಗಿ.
ತೊಂಬತ್ತಾರರ ಹಾಳಿ ಮಾತ್ರ ಲಗೂನ ತಿರುವಿದೆ.
ಅಲ್ಲಿ ಮೂರು ಹೆಸರಿಗೆ ಕೆಂಪು ಪೆನ್ನು,
ಮೂವರಿಗೂ ಏಳು ತುಂಬಿತ್ತು, ಒಬ್ಬಾಕಿಗೂ ಎಂಟು ತುಂಬಲಿಲ್ಲ.

ರಕ್ತದ ಗೆರಿ ಬ್ಯಾರೆ.
ಏಳೂದಿಲ್ಲ, ಇಳಿಯೂದಿಲ್ಲ,
ಮಗ್ಗದ ಹಾಸಿನ ಎಳಿಯಂಗ ವರ್ಷದಿಂದ ವರ್ಷಕ್ಕ ಸುಮ್ಮನ ಹೊಂಟಿರತೈತಿ.
ಅಣ್ಣಗ ರಕ್ತ ಕೊಡಾಕ ಬಂದಾವಗ ಗೊತ್ತಾಗತೈತಿ,
ದುಬೈಕ ಹೋಗೂ ಕಾಗದಕ್ಕ ತಪಾಸಣಿ ಮಾಡಸಾಕ ಬಂದಾವಗ,
ಇಲ್ಲಾ ಐವತ್ತೈದಕ್ಕ ಹೊಟ್ಟಿ ಉಬ್ಬಿದ ಮ್ಯಾಲೆ.
ಗಂಗೂಸಾ ಖಟವಟೆ. ದಿಲಶಾದಬಿ ನಾಲಬಂದ. ಈರಪ್ಪ ಪಟ್ಟಣಶೆಟ್ಟರ.
ಹುಟ್ಟಿದ ವರ್ಷ ಬಾಜೂಕ ಬರಕೋತ ಹ್ವಾದೆ:
ಅರವತ್ತು, ಅರವತ್ಮೂರು, ಎಪ್ಪತ್ತು, ಎಪ್ಪತ್ತೆಂಟು.
ವಿಳಾಸ ಬರದೆ.
ಮೂರ ಮೂರು ಓಣಿ.
ಮೂರು ಓಣಿ ಕೂಡೂ ಜಾಗಾದಾಗ ಹನ್ನೊಂದು ಪಾವಟಿಗಿ, ನೀಲಿ ಬಾಗಲಾ,
ಅಂದಾನಪ್ಪ ಕಂಪೌಂಡರ.

ನಮ್ಮಪ್ಪ.

ಗಾಜಿನ ಸಿರಿಂಜು ಒಂದು, ಸೂಜಿ ಎರಡು,
ಮೊಂಡಾದ್ರ ಸಾಣಿಕಲ್ಲಿನ ಮ್ಯಾಲೆ ಮಸೀತಿದ್ದ.
ನಿಕ್ಕಲ್ ಡಬ್ಬಿ ಸ್ಟೋವಿನ ಮ್ಯಾಲಿಟ್ಟು
ಇಪ್ಪತ್ತು ನಿಮಿಷ ಕುದಿಸಬೇಕು ಅಂತ
ಗ್ವಾಡಿಗೆ ತಾನ ಚಂದಾಗಿ ಬರದು ಅಂಟಿಸಿದ್ದ.
ರೇಶನ್ನಿನ ಚಿಮಣಿ ಎಣ್ಣಿ ತಿಂಗಳಿಗೆ ಮೂರು ಲೀಟರ.
ಪಾವಟಿಗಿ ತುಂಬ ಜ್ವರದ ಮಕ್ಕಳು.
ಹದಿನಾಲ್ಕಕ್ಕ ಆರಿಸತಿದ್ದ.
ರೊಕ್ಕ ಇಲ್ಲದವರನ್ನ ಎಂದೂ ಕೇಳಲಿಲ್ಲ,
ನಡುರಾತ್ರಿ ಕರದ್ರೂ ಹೋಗತಿದ್ದ,
ಅಂದಾನಪ್ಪನ ಕೈಗುಣ ದೊಡ್ಡದು ಅಂತ
ಈಗೂ ಅಂತಾರ ಆ ಓಣಿಯವರು,
ಈ ಹಾಳ್ಯಾಗ ಇದ್ದವರೂ ಅಂತಾರ.

ಗಡಿಯಾರ ನೋಡೂ ಕೆಲಸ ನಂದಿತ್ತು.
ಎಂಟು ವರ್ಷದಾಕಿ, ಸ್ಟೂಲ್ ಹತ್ತಿ ನಿಂತು,
ಅವ ಎಲ್ಲಿ ಆರಸ್ತಾನ ಅಂತ ಗೊತ್ತಿದ್ದು
"ಆತಪಾ" ಅಂತಿದ್ದೆ.
ಶಾಣ್ಯಾಕಿ ಅಂತ ತಲಿ ಸವರತಿದ್ದ.

"ಈ ಕಡೆ ಎಲ್ಲಾ ಸೊನ್ನಿ ಅದಾವಲ್ರಿ" ಅಂದ ಹುಡುಗ.
ಹೌದು, ಅವು ಇತ್ತೀಚಿನ ಕೂಸುಗಳು.
ಹುಟ್ಟಿದ ದಿನಾನ ತೊಡಿಗೆ ಒಂದು ಹನಿ ಲಸಿಕಿ,
ಆ ಸೂಜಿ ಒಮ್ಮೆ ಚುಚ್ಚಿತಂದ್ರ ತಾನ ಮುರೀತೈತಿ,
ಇನ್ನೊಬ್ಬರ ಕಡೆ ಹೋಗೂ ಯೋಗ ಇಲ್ಲ ಅದಕ್ಕ.
"ಮತ್ತ ಇಲ್ಲಿ ಯಾಕ ಇಷ್ಟು ದಪ್ಪ? ಕಾರಣ ಏನಂತ ಬರೀಲ್ರಿ?"
ಚಾ ಕುಡದು ಬಾ ಹೋಗಪಾ, ಅಂದೆ.

ಎಲ್ಲಾರ ತೋಳಿಗೂ ರಬ್ಬರ ಕಟ್ಟಿದಾಕಿ.
ನಂದೂ ಅದ ಡಬ್ಬಿ, ಮೂರು ಮಲೇರಿಯಾ, ಒಂದು ನಾಯಿಕೆಮ್ಮು,
ಹುಟ್ಟಿದ್ದು ಅರವತ್ತೈದು.
ಒಂದು ಕಿಟ್ಟು ಉಳದಿತ್ತು, ಹರದೆ.
ಒಂದು ಗೆರಿ ಮೂಡಿದ್ರ ಏನೂ ಇಲ್ಲ,
ಎರಡು ಮೂಡಿದ್ರ ನಾನೂ ಆ ಓಣಿಯಾಕಿ.

ಪೂರಾ ಇಪ್ಪತ್ತು ನಿಮಿಷ ಕಾಯಬೇಕಂತ ಬರದಾರ.
ಗಡಿಯಾರ ನೋಡಕೋತ ಕುಂತೇನಿ.
ಹದಿನಾಲ್ಕಾಗೇತಿ.